ನೆಗೆಣ್ಣಿ ಅಂಗಳಕ್ಕಿಳಿದ ಭಾನುವಾರ

ನನ್ನ ನೆಗೆಣ್ಣಿಯನ್ನು ನಾನು ಒಂದು ಭಾನುವಾರ ಮಧ್ಯಾಹ್ನ, ಉಂಡ ತಾಟುಗಳನ್ನು ತೊಳೆದಿಟ್ಟು, ಚಹಾದ ನೀರಿಗೆ ಶುಂಠಿ ಜಜ್ಜಿ ಹಾಕಿ ಬಂದು, ನಮ್ಮ ಪಡಸಾಲೆಯಲ್ಲೇ ಕೊಲ್ಲಿಸಿದೆ. ಆಟದಲ್ಲಿ. ‘ಆಟದಲ್ಲಿ’ ಎಂದು ಸೇರಿಸಬೇಕಾಗಿರುವುದಕ್ಕೆ ಇವತ್ತಿಗೂ ನನಗೆ ಸ್ವಲ್ಪ ಬೇಸರವೇ ಇದೆ.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಗಜೇಂದ್ರಗಡದಲ್ಲಿ ಅವರ ಮನೆ, ನಮ್ಮ ಮನೆ ಒಂದೇ ಗೋಡೆಯ ಆಚೆ ಈಚೆ. ಅವರಲ್ಲಿ ಒಗ್ಗರಣೆ ಸಿಡಿದರೆ ನಮ್ಮಲ್ಲಿ ಸೀನು ಬರುತ್ತದೆ. ಓಣಿಯಲ್ಲಿ ಯಾರಿಗಾದರೂ ಏನಾದರೂ ಆಗಬೇಕಿದ್ದರೆ ಮೊದಲು ಅವರ ಕಟ್ಟೆಗೆ ಬರುತ್ತಾರೆ. “ಅಕ್ಕಾರ ಮಾತಂದ್ರ ಬೆಣ್ಣಿಯಾಗಿನ ಕೂದಲಾ ತೆಗದಂಗ್ರಿ” ಎನ್ನುತ್ತಾರೆ. ನಿಜ. ಕೂದಲು ಬೆಣ್ಣೆಗೆ ಬಿದ್ದದ್ದು ಎಲ್ಲಿಂದ ಎಂದು ಯಾರೂ ಕೇಳುವುದಿಲ್ಲ.

ನಾನು ಕಾನ್ವೆಂಟಿನಲ್ಲಿ ಕಲಿತವಳು. ಬಾಗಿಲನ್ನು ಸಪ್ಪಳವಾಗದಂತೆ ಮುಚ್ಚುವುದು, ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯುವುದು, ಧ್ವನಿ ಏರಿಸದಿರುವುದು, ಇವನ್ನೆಲ್ಲ ಸಿಸ್ಟರುಗಳು ಚೆನ್ನಾಗಿ ಕಲಿಸಿದರು. ಜಗಳವಾಡುವುದನ್ನು ಕಲಿಸಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನೆಗೆಣ್ಣಿ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು: “ನಮ್ಮ ತಂಗೀಗೆ ಸಿಟ್ಟ ಬಂದ್ರ ಸಾರಿ ಅಂತಾಳ ನೋಡ್ರಿ.” ನಾನೂ ನಗುತ್ತಿದ್ದೆ.

ಆಟವನ್ನು ಮನೆಗೆ ತಂದವಳು ನನ್ನ ಮಗಳು. ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನ ಗೆಳತಿಯರಿಂದ ಕಲಿತದ್ದು. ಇಪ್ಪತ್ತು ಮುಖದ ದಾಳವನ್ನು ಮೊದಲ ಸಲ ನನ್ನ ಅಂಗೈಗೆ ಹಾಕಿದಾಗ ಅದು ಕೆತ್ತಿದ ಬಾರಿಹಣ್ಣಿನಂತಿತ್ತು. ಪಗಡೆಯಂತೆ ಹಾಸು ಇಲ್ಲ, ಕಾಯಿ ನಡೆಸುವುದಿಲ್ಲ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗುತ್ತಾರೆ. ‘ಎದುರಿಗೆ ಬಾಗಿಲಿದೆ, ಏನು ಮಾಡುತ್ತೀರಿ?’ ಎಂದು ಕಥೆಯವಳು ಕೇಳುತ್ತಾಳೆ. ಒದೆಯುತ್ತೇನೆ ಎಂದವರು ದಾಳ ಉರುಳಿಸಬೇಕು. ದೊಡ್ಡ ಸಂಖ್ಯೆ ಬಿದ್ದರೆ ಬಾಗಿಲು ಮುರಿಯುತ್ತದೆ, ಸಣ್ಣದು ಬಿದ್ದರೆ ಕಾಲು.

ಆಡುವವರು ನಾಲ್ವರು. ನನ್ನ ನಾದಿನಿ ಬಟ್ಟೆ ಹೊಲಿಯುವವಳು; ಆಟದಲ್ಲಿ ಗದೆ ಹಿಡಿದ ಜಟ್ಟಿ. ಹಿಂದಿನ ಓಣಿಯ ಸರಕಾರಿ ಶಾಲೆಯ ಟೀಚರ್ ಆಟದಲ್ಲಿ ವೈದ್ಯೆ. ಮಗಳು ಕೋಟೆಯ ದಳವಾಯಿ. ನೆಗೆಣ್ಣಿ ದಿವಾನನ ಹೆಂಡತಿ, ದಿವಾನಬಾಯಿ. ಮೊದಮೊದಲು ಕಥೆಯನ್ನು ಮಗಳೇ ನಡೆಸುತ್ತಿದ್ದಳು. ರೋಣದ ಕಾಲೇಜಿನಲ್ಲಿ ಅವಳಿಗೆ ಕೆಲಸ ಸಿಕ್ಕು, ದಿನಾ ಬಸ್ಸಿನ ಓಡಾಟ ಶುರುವಾದ ಮೇಲೆ ಅದನ್ನು ನನಗೆ ಒಪ್ಪಿಸಿದಳು.

“ನನಗ ಎಲ್ಲಿ ಬರತೈತಿ?”

“ಯಾರು ಏನಂದ್ರು, ಯಾವ ಧ್ವನಿಯಾಗ ಅಂದ್ರು, ಅನ್ನೂವಾಗ ಕೈ ಎಲ್ಲಿತ್ತು, ಎಲ್ಲಾ ನಿನಗ ನೆನಪಿರತೈತಿ ಅವ್ವಾ. ಇದಕ್ಕ ಅಷ್ಟ ಬೇಕು.”

ಕಥೆ ನಡೆಸಲು ಕುಳಿತ ಮೇಲೆ ಕಷ್ಟ ಗೊತ್ತಾಯಿತು. ಸಭೆಯ ಮಾತುಕತೆ ಉದ್ದವಾದರೆ ನಾದಿನಿ ಲೋಡಿಗೆ ಒರಗಿ ಆಕಳಿಸುತ್ತಾಳೆ. “ವೈನಿ, ಯಾರನ್ನರ ಹೊಡಿಯೂದೈತೋ ಇಲ್ಲೋ? ಇಲ್ಲಾಂದ್ರ ನಾ ಕುಬಸಕ್ಕ ಹುಕ್ಕ ಹಚ್ಚಾಕ ಕೂಡ್ತೀನಿ.” ಹೊಡೆದಾಟ ಶುರುವಾದರೆ ನೆಗೆಣ್ಣಿಗೆ ಬೇಸರ. “ನಿಂದ ಬರೇ ಕಡಿ, ಬಡಿ. ಒಂದ ಮಾತಿನ್ಯಾಗ ಆಗೂ ಕೆಲಸಕ್ಕ ಕತ್ತಿ ಯಾಕವಾ?” ಹಾಗೆಂದು, ಕತ್ತಿಗಳು ಒರೆಯಿಂದ ಹೊರಬರುವ ಹೊತ್ತಿಗೆ ಸರಿಯಾಗಿ ಅವರ ದಿವಾನಬಾಯಿ ಎದ್ದು ಕೈಮುಗಿದು ಸಭೆಯಿಂದ ಹೊರಟುಬಿಡುವುದು. ಪ್ರತಿ ಸಲವೂ ಹಾಗೆಯೇ. ಬೆಂಕಿ ಹಚ್ಚುವುದು ದಿವಾನಬಾಯಿ, ಸುಟ್ಟುಕೊಳ್ಳುವವರು ಉಳಿದವರು.

ಇನ್ನೊಂದು ಚಾಳಿ. ಮಾತು ತಿರುಗಿ ಬಿದ್ದಿತೆಂದರೆ “ನಾ ಹಂಗ ಅಂದಿಲ್ಲ, ಸುಮ್ಮ ಚೇಷ್ಟಿಗೆ ಅಂದೆ” ಎನ್ನುವುದು. ಅದಕ್ಕೇ ಒಂದು ನಿಯಮ ಮಾಡಿದೆವು: ಆಟ ನಡೆದಿರುವಷ್ಟು ಹೊತ್ತು ಬಾಯಿಂದ ಬಂದದ್ದೆಲ್ಲ ಪಾತ್ರದ್ದೇ ಮಾತು. ತಿರುಗಿ ತೆಗೆದುಕೊಳ್ಳುವಂತಿಲ್ಲ.

ಆದರೂ ತೂಕ ಸರಿಹೋಗಲಿಲ್ಲ. ಯಾಕೆಂದು ಹಿಟ್ಟು ಜರಡಿ ಹಿಡಿಯುತ್ತ ಯೋಚಿಸಿದಾಗ ಹೊಳೆಯಿತು. ಹೊಡೆದಾಟದಲ್ಲಿ ಹೊಡೆಯುವವರಿಗೂ ಪೆಟ್ಟು ಬೀಳಬಹುದು. ಮಾತಿನಲ್ಲಿ ಹೊಡೆದವರು ಕುಂಕುಮ ಹಚ್ಚಿಸಿಕೊಂಡು, ಎಲೆಯಡಿಕೆ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಇದನ್ನು ನಾನು ಆಟ ನೋಡಿ ಕಲಿತದ್ದಲ್ಲ.

ಅದಕ್ಕೂ ಹಿಂದೆ ಮಗಳಿಗೆ ನರಗುಂದದಿಂದ ಒಂದು ಸಂಬಂಧ ಬಂದಿತ್ತು. ಬಂದು ನೋಡಿದರು, ಒಪ್ಪಿದರು, ಹುಡುಗ ಹುಡುಗಿ ಫೋನಿನಲ್ಲಿ ಮಾತಾಡತೊಡಗಿದರು. ಆ ದಿನಗಳಲ್ಲಿ ಮಗಳು ಕನ್ನಡಕ ಒರೆಸುವಾಗಲೂ ಏನನ್ನೋ ಗುನುಗುತ್ತಿದ್ದಳು. ಆಮೇಲೆ ನರಗುಂದದ ಕಡೆಯ ಮಾತು ನಿಂತಿತು. ಜಾತಕ ಕೂಡಿಬರಲಿಲ್ಲವಂತೆ ಎಂದು ನಡುವಿನವರು ಹೇಳಿದರು. ಮಗಳು ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬೋರಲು ಹಾಕಿ ಮಲಗತೊಡಗಿದಳು, ಅಷ್ಟೇ.

ಮರುವರ್ಷ ನರಗುಂದದ ನಮ್ಮ ಬಳಗದವರ ಮನೆಯಲ್ಲಿ ಬಸುರಿಯ ಸೀಮಂತ. ಊಟಕ್ಕೆ ಕುಳಿತಾಗ ಪಕ್ಕಕ್ಕೆ ಬಂದು ಕುಳಿತವರು ಆ ಹುಡುಗನ ಅತ್ತೆ, ತಂದೆಯ ತಂಗಿ. ಒಳ್ಳೆಯ ಹೆಂಗಸು. ನನ್ನ ಎಲೆಗೆ ತಾವೇ ತುಪ್ಪ ಬಡಿಸಿ ಕೇಳಿದರು.

“ಹುಡುಗಿ ಹ್ಯಾಂಗದಾಳ್ರಿ? ತ್ರಾಸ ಪೂರಾ ಹೋತೇನು?”

“ಯಾವ ತ್ರಾಸರಿ?”

“ಅಯ್ಯ, ಇರಲಿ ಬಿಡ್ರಿ, ನಮ್ಮನಿಯಾಗೂ ಹೆಣ್ಣಮಕ್ಕಳದಾರ. ನಿಮ್ಮ ನೆಗೆಣ್ಣಿನ ಹೇಳಿದ್ರಲ್ರಿ. ನಾವು ಕೇಳಿದ್ದು ಹುಡುಗಿಗೆ ಅಡಗಿ ಬರತೈತೇನು ಅಂತ. ಅದಕ್ಕ ಅವರು, ‘ಹುಡುಗಿ ಈಗ ಆರಾಮ ಅದಾಳ್ರಿ, ಏನೂ ಚಿಂತಿ ಮಾಡಬ್ಯಾಡ್ರಿ’ ಅಂದ್ರು. ಈಗ ಅಂದಮ್ಯಾಲ ಮೊದಲ ಏನೋ ಇತ್ತಂತ ಆತಲ್ರಿ? ನಮ್ಮ ಅಣ್ಣ ಅಂಜಿದ.”

ಎಲೆಯ ಮೇಲಿನ ತುಪ್ಪ ಹೋಳಿಗೆಯ ಅಂಚು ದಾಟಿ ಕೋಸಂಬರಿಯ ಕಡೆಗೆ ಹರಿಯುತ್ತಿತ್ತು. ನಾನು ಅದನ್ನೇ ನೋಡಿದೆ.

ನಮ್ಮ ಕಡೆ ಇದಕ್ಕಿಂತ ಸಾದಾ ಮಾತು ಇನ್ನೊಂದಿಲ್ಲ. ಆರಾಮ ಅದೀರೇನು ಎನ್ನುತ್ತಾರೆ, ಆರಾಮ ಅದೀನ್ರಿ ಎನ್ನುತ್ತೇವೆ. ಬಸ್ಸಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಸತ್ತವರ ಮನೆಯಲ್ಲಿ ಕೂಡ. ಅದಕ್ಕೊಂದು ‘ಈಗ’ ಹಚ್ಚಿದರೆ ಏನಾಗುತ್ತದೆಂದು ನನ್ನ ನೆಗೆಣ್ಣಿಗೆ ಗೊತ್ತಿತ್ತು. ಸುಳ್ಳು ಹೇಳಲಿಲ್ಲ. ಬೈಯಲಿಲ್ಲ. ಹುಡುಗಿ ಚೆನ್ನಾಗಿದ್ದಾಳೆ ಎಂದರು. ಮಗಳು ಹುಟ್ಟಿದಾಗಿನಿಂದ ಅವಳಿಗಾದದ್ದೇನು? ಶ್ರಾವಣ ಸೋಮವಾರ ಉಪವಾಸವಿದ್ದು ಶಾಲೆಯ ಪ್ರಾರ್ಥನೆಯಲ್ಲಿ ಒಮ್ಮೆ ಕಣ್ಣುಕತ್ತಲೆ ಬಂದು ಕುಸಿದಿದ್ದಳು. ಅವತ್ತು ಸಕ್ಕರೆ ನೀರು ಕುಡಿಸಿದವರೂ ಇದೇ ನೆಗೆಣ್ಣಿ.

ನಾನು ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಿದರೆ ಅಣ್ಣತಮ್ಮಂದಿರ ನಡುವಿನ ಗೋಡೆ ಇನ್ನೂ ದಪ್ಪವಾಗುತ್ತದೆ. ಮಗಳಿಗೆ ಹೇಳಿದರೆ ಜಾತಕದ ಮೇಲೆ ಹಾಕಿದ ನೋವನ್ನು ಮನೆಯವರ ಮೇಲೆ ಹಾಕಿದಂತೆ. ನೆಗೆಣ್ಣಿಯನ್ನೇ ಕೇಳೋಣವೆಂದರೆ ಏನು ಕೇಳಲಿ? ‘ಅಕ್ಕಾ, ನೀವು ಈಗ ಅಂದ್ರಂತ.’ ‘ಆರಾಮ ಅದಾಳ ಅನ್ನೂದ ತಪ್ಪೇನವಾ?’ ಎಂದು ನಕ್ಕು, ಆ ನಗುವನ್ನೂ ಕಟ್ಟೆಯ ಮೇಲೆ ಹಂಚುತ್ತಾರೆ. ರೊಟ್ಟಿಯ ಹಂಚಿನ ಮುಂದೆ ಕುಳಿತು ಆ ಮಾತುಗಳನ್ನು ನಾನು ಎಷ್ಟೋ ಸಲ ಆಡಿ ನೋಡಿದ್ದೇನೆ. ಗೋಡೆಯಾಚೆಯಿಂದ ಒಂದು ದಿನ ಕೇಳಿಸಿತು: “ಏನ ತಂಗಿ, ಇವತ್ತ ರೊಟ್ಟಿ ಬಡಿಯೂದು ಭಾಳ ಜೋರೈತಿ?” “ಸಾರಿ ಅಕ್ಕಾ” ಎಂದೆ. ಎಂದ ಮೇಲೆ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡೆ.

ಅವರು ಯಾಕೆ ಹಾಗೆ ಮಾಡಿದರೆಂದು ನಾನು ಹುಡುಕಲು ಹೋಗಲಿಲ್ಲ. ಕಾರಣ ಗೊತ್ತಾದರೆ ಕನಿಕರ ಹುಟ್ಟಬಹುದು. ನನಗೆ ಅದು ಬೇಡವಾಗಿತ್ತು.

ಈಚೆಗೆ ಶಿರೋಳದ ಮನೆತನದಿಂದ ಮಾತು ಬಂತು. ಹುಡುಗ ನರೇಗಲ್ಲಿನಲ್ಲಿ ದನದ ಡಾಕ್ಟರು. ಮಗಳು ಅವನನ್ನು ಕಾಲೇಜಿನ ಒಂದು ಕಾರ್ಯಕ್ರಮದಲ್ಲಿ ನೋಡಿದ್ದಳು. ಅವನು ವೇದಿಕೆಯ ಮೇಲಿಂದ ಇಳಿದು ಬಂದು ಆಕಳ ಕರುವಿನ ವಿಷಯ ಮಾತಾಡಿದನಂತೆ. ಅದನ್ನು ನನಗೆ ಹೇಳುವಾಗ ಅವಳು ಕನ್ನಡಕ ತೆಗೆದು ಒರೆಸಿದಳು, ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ. ಅವಳಿಗೆ ಅವನು ಬೇಕಾಗಿತ್ತು. ಆದರೆ ಶಿರೋಳದವರು ಹುಡುಗಿ ನೋಡಲು ಬರುವ ಮೊದಲು ವಿಚಾರಿಸುವವರು. ಯಾರನ್ನು ವಿಚಾರಿಸುತ್ತಾರೆ? ಶಿರೋಳ ನನ್ನ ನೆಗೆಣ್ಣಿಯ ತಾಯಿಯ ತವರು. ಫೋನು ಎಲ್ಲಿ ಬಡಿಯುತ್ತದೆಂದು ಯಾರಾದರೂ ಹೇಳಬಹುದಿತ್ತು.

ಆ ಭಾನುವಾರದ ಕಥೆಯನ್ನು ನಾನು ಬುಧವಾರದಿಂದಲೇ ಕಟ್ಟತೊಡಗಿದೆ.

ಮೊದಲು ನಿಯಮ. ಒಂದು ಬಟ್ಟಲಲ್ಲಿ ಹುಣಸೆಬೀಜ ತಂದು ನಡುವೆ ಇಟ್ಟು, ಎಲ್ಲರಿಗೂ ಮುಚ್ಚುಮರೆಯಿಲ್ಲದೆ ಹೇಳಿದೆ. ಸಭೆಯಲ್ಲಿ ನೀವು ಯಾರನ್ನಾದರೂ ಮಾತಿನಿಂದ ನೋಯಿಸಿದರೆ ಅವರ ಮುಂದೆ ಒಂದು ಬೀಜ ಬೀಳುತ್ತದೆ. ಮುಂದೆ ಹೊಡೆದಾಟದಲ್ಲಿ ನೀವು ಸಹಾಯಕ್ಕೆ ಕೂಗಿದರೆ, ಬೀಜ ಇರುವವರು ಬರಬೇಕಿಲ್ಲ. ಬರುವುದು ಬಿಡುವುದು ಅವರ ಮನಸ್ಸು. ಬೀಜ ಇಲ್ಲದವರು ಬರಲೇಬೇಕು.

“ಚಲೋ ಐತಿ ನೋಡ ತಂಗಿ” ಎಂದರು ನೆಗೆಣ್ಣಿ, ಸೆರಗಿನ ಅಂಚನ್ನು ಮೊಣಕಾಲಿನ ಮೇಲೆ ಮಡಚುತ್ತ. “ಈಗ ಮಾತಿಗೂ ಒಂದ ಕಿಮ್ಮತ್ತ ಬಂತು.”

ಕಥೆ ಹೀಗೆ. ಕೋಟೆಯ ರಾಣಿಗೆ ವಯಸ್ಸಾಗಿದೆ. ಕೋಟೆಯ ಕಿಲ್ಲೇದಾರಿಯನ್ನು ಯಾರಿಗಾದರೂ ಒಪ್ಪಿಸಬೇಕು. ಔತಣ ನಡೆದಿದೆ. ಜಟ್ಟಿ, ವೈದ್ಯೆ, ದಳವಾಯಿ ಮೂವರೂ ಅದಕ್ಕೆ ಯೋಗ್ಯರು. ರಾಣಿ ದಿವಾನಬಾಯಿಯನ್ನು ಪಕ್ಕಕ್ಕೆ ಕರೆದು ಒಬ್ಬೊಬ್ಬರ ವಿಷಯ ವಿಚಾರಿಸುತ್ತಾಳೆ. ಅದೇ ಸಭೆಯ ಕಂಬದ ಹತ್ತಿರ ಹೊರಗಿನ ಒಬ್ಬ ಸರದಾರ ಕುಳಿತಿದ್ದಾನೆ. ದಿವಾನನ ಮನೆತನದ ಮೇಲೆ ಅವನದು ಹಳೆಯ ಹಗೆ. ರಾಣಿಯೂ ನಾನೇ, ಸರದಾರನೂ ನಾನೇ.

ರಾಣಿ ಕೇಳಿದಳು: “ಆ ಜಟ್ಟಿ ಹ್ಯಾಂಗ?”

ನೆಗೆಣ್ಣಿಯ ಕಣ್ಣು ಹೊಳೆದವು. “ಚಲೋ ಹೆಣ್ಣಮಗಳು, ರಾಣಿಸಾಹೇಬ್ರ. ಕುಡಿಯೂದು ಬಿಟ್ಟಾಳಂತ. ಸಣ್ಣ ಮಾತಲ್ಲ ಅದು.”

“ಅಯ್ಯ ದೊಡ್ಡ ವೈನಿ, ನನ್ನ ಜಟ್ಟಿ ಯಾವಾಗ ಕುಡದಿತ್ತು?” ಎಂದು ನಾದಿನಿ ಬಿದ್ದು ಬಿದ್ದು ನಕ್ಕಳು. ಅವಳ ಮುಂದೆ ಒಂದು ಬೀಜ ಇಟ್ಟೆ.

“ವೈದ್ಯೆ?”

“ಔಷಧಾ ಭಾಳ ತಿಳದು ಕೊಡತಾರ. ಹೋದ ಸರ್ತಿ ಆದದ್ದು ಆತು, ಪಾಪ, ಅದನ್ನ ಯಾಕ ತಗೀಬೇಕು.”

“ಏನಾಗಿತ್ರಿ ಹೋದ ಸರ್ತಿ?” ಎಂದು ಟೀಚರ್ ಕೈ ಚೆಲ್ಲಿದರು. ಅವರ ಮುಂದೆಯೂ ಬೀಜ.

ನಾನು ನೀರು ಕುಡಿದು ಲೋಟವನ್ನು ಸಪ್ಪಳವಾಗದಂತೆ ಕೆಳಗಿಟ್ಟೆ. “ದಳವಾಯಿಗೆ ಕುದುರಿ ಹತ್ತಾಕ ಬರತೈತೇನು?”

ಸಾದಾ ಪ್ರಶ್ನೆ. ನರಗುಂದದವರು ಅಡುಗೆ ಬರುತ್ತದೆಯೇ ಎಂದು ಕೇಳಿದಂಥದ್ದೇ. ನೆಗೆಣ್ಣಿ ಮಗಳ ಕಡೆಗೊಮ್ಮೆ ಪ್ರೀತಿಯಿಂದ ನೋಡಿದರು. ಕೈ ಮೂಗುತಿಯ ಹತ್ತಿರ ಹೋಗಿ ಬಂತು. ಧ್ವನಿ ಒಂದು ಮೆಟ್ಟಿಲು ಕೆಳಗಿಳಿಯಿತು.

“ಭಾಳ ಚಲೋ ಹುಡುಗಿ, ರಾಣಿಸಾಹೇಬ್ರ. ಈಗ ಆರಾಮ ಅದಾಳ.”

ಅವತ್ತು ನರಗುಂದದವರಿಗೂ ಹೀಗೇ ಹೇಳಿರಬೇಕು. ಇದೇ ಧ್ವನಿ, ಇದೇ ಕೈ. ಅವರಿಗೆ ಯಾವ ನೆನಪೂ ಆಗಲಿಲ್ಲ. ಚಲೋ ಆಡಿದೆ ಎಂಬ ಖುಷಿ ಮಾತ್ರ ಮುಖದ ಮೇಲೆ. “ಒಂದ ಮಾತಿನ್ಯಾಗ ಮುಗಿಸೇಬಿಟ್ರಲ್ರಿ ಅಕ್ಕಾರ!” ಎಂದು ಟೀಚರ್ ಚಪ್ಪಾಳೆ ತಟ್ಟಿದರು. ನಾನು ಬೀಜ ಇಡುವ ಮೊದಲೇ ಮಗಳು ತಾನೇ ಬಟ್ಟಲಿಂದ ಒಂದನ್ನು ತೆಗೆದುಕೊಂಡಳು.

ಆಗ ನನ್ನ ಸರದಾರನನ್ನು ಎಬ್ಬಿಸಿದೆ. ಕಂಬ ಬಿಟ್ಟು ಬಂದು ದಿವಾನಬಾಯಿಯ ಎದುರು ನಿಂತ. “ನಿಮ್ಮ ಮನೆತನ ನಮ್ಮ ಮನೆತನಕ್ಕ ಮಾಡಿದ್ದನ್ನ ನಾವು ಮರತಿಲ್ಲ. ಒಂದ ಕೇಳತೀನಿ, ದಿವಾನಬಾಯಿ. ಅಂಗಳಕ್ಕ ಬರ್ತೀರೋ ಇಲ್ಲೋ?”

ನಾದಿನಿ ಎದ್ದು ಕುಳಿತಳು. ನೆಗೆಣ್ಣಿಗೆ ಹೊಡೆದಾಟದ ವಾಸನೆ ಬಡಿಯಿತು. ಯಾವಾಗಲೂ ಮಾಡುವಂತೆ ಕೂತಲ್ಲೇ ಸೆರಗು ಹೊದ್ದು ಎರಡೂ ಕೈ ಮುಗಿದರು.

“ಅಯ್ಯ, ನಮ್ಮಂಥಾವರಿಗೆ ಅಂಗಳಾ ಯಾಕ್ರಿ ಸರದಾರ್ರ? ಹೊತ್ತಾತು. ನಾ ಬರ್ತೀನ್ರಿ.”

ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ. ಅದು ಅಪಶಕುನ. ಬರುತ್ತೇನೆ ಎಂದೇ ಹೋಗಬೇಕು. ಹುಟ್ಟಿದಾಗಿನಿಂದ ಬಾಯಿಗೆ ಅಂಟಿದ ಮಾತು; ಯಾರೂ ವಿಚಾರ ಮಾಡಿ ಆಡುವುದಿಲ್ಲ. ನಾನು ಬುಧವಾರದಿಂದ ಅದಕ್ಕೇ ಕಾದಿದ್ದೆ.

“ದಿವಾನಬಾಯಿ ಬರ್ತೀನಿ ಅಂದ್ರು” ಎಂದೆ ಮೆಲ್ಲಗೆ. “ಸರದಾರ ಅಂಗಳಕ್ಕಿಳಿದು ಕತ್ತಿ ಹಿರಿದ.”

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ನಾದಿನಿ ತೊಡೆ ಬಡಿದುಕೊಂಡು ಕೂಗಿದಳು.

“ಏ ತಂಗಿ!” ನೆಗೆಣ್ಣಿಯ ಮುಗಿದ ಕೈ ಬಿಟ್ಟುಹೋಯಿತು. “ನಾ ಮನೀಗೆ ಹೋಗತೀನಿ ಅನ್ನಾಕ ಬರ್ತೀನಿ ಅಂದೆ!”

“ಸರದಾರ ಕೇಳಿದ್ದು ಬರ್ತೀರೋ ಇಲ್ಲೋ ಅಂತ. ನೀವು ಬರ್ತೀನಿ ಅಂದ್ರಿ ಅಕ್ಕಾ. ಬಾಯಿಂದ ಬಂದದ್ದನ್ನ ತಿರುಗಿ ತಗೊಳ್ಳೂಹಂಗಿಲ್ಲ.”

“ನಾ ಯಾವ ಅರ್ಥದಾಗ ಅಂದೆ ಅನ್ನೂದು ಗೊತ್ತಾಗೂದಿಲ್ಲೇನು ನಿನಗ?”

“ಆಡಿದವರ ಅರ್ಥ ಯಾರ ಕೇಳತಾರ್ರಿ ಅಕ್ಕಾ? ಕೇಳಿದವರು ಹ್ಯಾಂಗ ತಿಳಕೊಂಡ್ರೋ ಅದ ಅರ್ಥ.”

ನನ್ನ ಧ್ವನಿ ಏರಿರಲಿಲ್ಲ. ಸಿಸ್ಟರುಗಳು ಕೇಳಿದ್ದರೆ ಮೆಚ್ಚುತ್ತಿದ್ದರು.

ದಿವಾನಬಾಯಿಯ ಹತ್ತಿರ ಅಡಕತ್ತರಿ ಬಿಟ್ಟರೆ ಆಯುಧವಿರಲಿಲ್ಲ. ಮೊದಲ ದಾಳ ಉರುಳಿಸಿದರು, ಹೆಗಲಿಗೆ ಗಾಯ. “ಯಾರರ ಬರ್ರೆ!” ಎಂದು ಕೂಗಿದರು. ಇನ್ನೂ ಅರ್ಧ ನಗುತ್ತಲೇ ಇದ್ದರು.

ನಾದಿನಿ ತನ್ನ ಬೀಜವನ್ನು ಎತ್ತಿ ತೋರಿಸಿದಳು. “ನಾ ಕುಡಿಯೂದು ಬಿಟ್ಟೀನಲ್ಲ ದೊಡ್ಡ ವೈನಿ, ಕೈ ನಡಗತಾವು. ಗದಾ ಏಳವಲ್ದು.”

ಎರಡನೇ ಪೆಟ್ಟಿಗೆ ಟೀಚರ್ ತಲೆಯಾಡಿಸಿದರು. “ನನ್ನ ಔಷಧಾ ನಿಮಗ ಬ್ಯಾಡ್ರಿ ಅಕ್ಕಾರ. ಹೋದ ಸರ್ತಿಯಂಗ ಆದ್ರ?”

“ಇವರೆಲ್ಲಾ ನಿಮಕಹರಾಮರು. ನೀ ಬಾರ ಮಗಳ” ಎಂದು ನೆಗೆಣ್ಣಿ ಮಗಳ ಕಡೆ ತಿರುಗಿದರು. “ನೀ ದಳವಾಯಿ. ನೀ ಬಂದ್ರ ಅಂವಾ ಒಂದ ಏಟಿನ ಗಿರಾಕಿ.”

ಮಗಳು ಹುಣಸೆಬೀಜವನ್ನು ಅಂಗೈಯಲ್ಲಿ ಹೊರಳಿಸಿ ನೋಡುತ್ತಿದ್ದಳು. ಬೀಜ ಕೈಯಲ್ಲಿದ್ದರೂ ಅವಳು ಮನಸ್ಸು ಮಾಡಿದರೆ ಹೋಗಬಹುದಿತ್ತು.

“ಬರಬೇಕಂತೀನಿ ದೊಡ್ಡವ್ವ. ಆದ್ರ ಮಂದಿ ಏನಂತಾರ? ‘ಈಗ ಆರಾಮ ಆಗ್ಯಾಳಂತ, ಮೊದಲ ಏನಿತ್ತೋ ಏನೋ’ ಅಂತಾರ. ನರಗುಂದದವರು ಅಂದಂಗ.”

ನಾದಿನಿಯ ನಗು ನಡುವೆಯೇ ನಿಂತಿತು. ಟೀಚರ್ ಒಮ್ಮೆ ನನ್ನ ಮುಖ, ಒಮ್ಮೆ ಮಗಳ ಮುಖ ನೋಡಿದರು. ಒಲೆಯ ಮೇಲೆ ಶುಂಠಿ ನೀರು ಕುದಿಯುವ ಸಪ್ಪಳ ಪಡಸಾಲೆಗೆ ಕೇಳುತ್ತಿತ್ತು. ನೆಗೆಣ್ಣಿ ಎಡಗೈಯ ಬಳೆಯನ್ನು ಮೇಲಕ್ಕೆ ಸರಿಸಿದರು, ಕೆಳಕ್ಕೆ ಬಿಟ್ಟರು. ನನಗೆ ಗೊತ್ತಿತ್ತೆಂದು ಅವರಿಗೆ ಗೊತ್ತಾಯಿತು. ಮಗಳಿಗೆ ಗೊತ್ತಿತ್ತೆಂದು ನನಗೆ ಗೊತ್ತಾಯಿತು.

“ದಾಳಾ ಹಾಕ್ರಿ ಅಕ್ಕಾ” ಎಂದೆ.

ಹಾಕಿದರು. ಸಣ್ಣದು ಬಿತ್ತು.

ಸರದಾರನ ಕತ್ತಿ ಎಲ್ಲಿ ಹೊಕ್ಕಿತು, ಇಳಕಲ್ ಸೀರೆಯ ಸೆರಗು ಹೇಗೆ ನೆಲಕ್ಕೆ ಬಿತ್ತು, ಮಡಿಲಲ್ಲಿದ್ದ ಎಲೆಯಡಿಕೆ ಅಂಗಳದ ತುಂಬ ಹೇಗೆ ಚೆಲ್ಲಿತು, ಸಭೆಯ ಕಿಟಕಿಗಳಲ್ಲಿ ಯಾರು ಯಾರು ನಿಂತು ನೋಡಿದರು ಎಲ್ಲವನ್ನೂ ಬಿಡಿಸಿ ಹೇಳಿದೆ. ಒಂದನ್ನೂ ಬಿಡಲಿಲ್ಲ. ಸಾಯಲು ಆಕೆ ಸಾಕಷ್ಟು ಹೊತ್ತು ತೆಗೆದುಕೊಳ್ಳುವಂತೆ ನೋಡಿಕೊಂಡೆ. ಆಮೇಲೆ ಎದ್ದು ಹೋಗಿ ಚಹಾ ಸೋಸಿ ತಂದೆ. ನೆಗೆಣ್ಣಿ ಅರ್ಧ ಕುಡಿದು ಬಸಿಯನ್ನು ಕೆಳಗಿಟ್ಟರು. ಹೊಸ್ತಿಲು ದಾಟುವಾಗ ಬರುತ್ತೇನೆ ಎಂದೂ ಅನ್ನಲಿಲ್ಲ, ಹೋಗುತ್ತೇನೆ ಎಂದೂ ಅನ್ನಲಿಲ್ಲ.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಮಗಳನ್ನು ಕೇಳಿದೆ. “ನಿನಗ ಯಾರ ಹೇಳಿದ್ರು?”

“ನರಗುಂದದಂವನ. ಅವಾಗನ ಫೋನ್ ಮಾಡಿ, ಏನೈತಿ ಖರೇ ಹೇಳು ಅಂದ. ಏನಿಲ್ಲ, ಆರಾಮ ಅದೀನಿ ಅಂದೆ. ‘ಈಗೇನು?’ ಅಂದ ಅವ್ವಾ. ಏನ ಹೇಳಿದ್ರೂ ಅದಕ್ಕ ಒಂದು ‘ಈಗೇನು’ ಹಚ್ಚತಿದ್ದ.”

“ನನ್ನ ಮುಂದ ಯಾಕ ಹೇಳಲಿಲ್ಲ?”

ಅವಳು ಬಸಿಗಳನ್ನು ಒಂದರ ಮೇಲೊಂದು ಇಟ್ಟಳು. “ಹೇಳಿದ್ರ ನೀ ಏನ್ ಮಾಡತಿದ್ದಿ? ದೊಡ್ಡವ್ವನ ಮುಂದ ಹೋಗಿ ನಿಂತು, ಕಡೀಕ ನೀನ ಸಾರಿ ಅಂದು ಬರತಿದ್ದಿ. ಅದನ್ನ ನೋಡೂದು ನನಗ ಬ್ಯಾಡಾಗಿತ್ತು.”

ಸರದಾರನ ಕತ್ತಿಯೂ ದಿವಾನಬಾಯಿಗೆ ಆ ಮಾತಿನಷ್ಟು ಆಳ ಇಳಿದಿರಲಿಕ್ಕಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನಲ್ಲಿಯ ಕಡೆ ಮುಖ ಮಾಡಿಕೊಂಡೇ ಮಗಳು ಕೇಳಿದಳು. “ಶಿರೋಳದವರು ಕೇಳಿದ್ರ ಮತ್ತ ಅದನ್ನ ಅಂತಾಳೇನು ಅವ್ವಾ? ನನಗ ಈ ಹುಡುಗ ಬೇಕು.”

ಆ ವಾರದಲ್ಲೇ ಒಂದು ಮುಂಜಾನೆ ನಾನು ರೊಟ್ಟಿಯ ಹಿಟ್ಟು ನಾದುತ್ತಿದ್ದೆ. ಹಿತ್ತಲ ಬಾಗಿಲಲ್ಲಿ ನೆಗೆಣ್ಣಿ ಬಂದು ನಿಂತರು. ಫೋನನ್ನು ಎದೆಗೆ ಒತ್ತಿ, ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿದ್ದರು.

“ತಂಗಿ, ಶಿರೋಳದವರು. ಹುಡುಗನ ತಾಯಿ. ವಿಚಾರಸಾಕತ್ತಾರ. ಏನ್ ಹೇಳ್ಲಿ?”

ಪಿಸುಗುಟ್ಟುತ್ತಿದ್ದರು. ಕಣ್ಣಲ್ಲಿ ನಾನು ಹಿಂದೆಂದೂ ಕಾಣದ ಒಂದು ಕೇಳಿಕೆ ಇತ್ತು. ‘ಚಲೋ ಹೇಳ್ರಿ ಅಕ್ಕಾ’ ಎಂದು ನಾನು ಅನ್ನಲಿ, ಅವರು ಹೇಳಲಿ, ಅಲ್ಲಿಗೆ ಎಲ್ಲ ಸಮವಾಗಲಿ ಎಂದು. ನನಗೆ ಸಮವಾಗುವುದು ಬೇಕಿರಲಿಲ್ಲ. ಸಭೆಯ ಮಾತು ಸಾಕಾಗಿತ್ತು, ಅಂಗಳ ಬೇಕಾಗಿತ್ತು.

“ಇಲ್ಲೆ ಕೊಡ್ರಿ.”

ಹಿಟ್ಟಿನ ಕೈಯಲ್ಲೇ ಫೋನು ತೆಗೆದುಕೊಂಡು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟೆ.

“ನಮಸ್ಕಾರ್ರಿ. ನಾನು ಹುಡುಗಿ ತಾಯಿ ಮಾತಾಡಾಕತ್ತೀನಿ. ಬ್ಯಾರೆ ಯಾರರ ಹೇಳೂಕಿಂತ ಮೊದಲ ನಾನ ಹೇಳತೀನ್ರಿ. ಹಿಂದ ನರಗುಂದದ ಸಂಬಂಧ ಬಂದಿತ್ತು. ಹುಡುಗೀಗೆ ಏನೋ ಜಡ್ಡಿತ್ತು ಅನ್ನೂಹಂಗ ನಮ್ಮ ಮನಿತನದಿಂದನ ಮಾತ ಹೋತು, ಸಂಬಂಧ ತಪ್ಪಿತು. ಆ ಮಾತ ಆಡಿದವರು ಇಲ್ಲೇ ನನ್ನ ಬಾಜೂಕ ನಿಂತಾರ. ಅವರನ್ನ ಕೇಳ್ರಿ.”

ನೆಗೆಣ್ಣಿಯ ಕೆಳತುಟಿಯ ಮೇಲೆ ಒಂದು ಅಗಳು ಅಂಟಿತ್ತು, ಅವಲಕ್ಕಿಯದು. ಅದು ನಡುಗಿತು. “ತಂಗಿ…” ಎಂದರು, ಸಪ್ಪಳವಿಲ್ಲದೆ.

“ಹಲೋ? ಯಾರ್ರೀ?” ಎಂದಿತು ಫೋನು.

“ನಾನ್ರಿ. ದೊಡ್ಡವ್ವ. ಹುಡುಗೀಗೆ ಯಾವ ಜಡ್ಡೂ ಇಲ್ರಿ.”

“ಮೊದಲ?” ಎಂದೆ ನಾನು.

“ಮೊದಲೂ ಇರಲಿಲ್ರಿ. ಎಂದೂ ಇರಲಿಲ್ಲ.”

“ಮತ್ತ ಯಾಕ ಅಂದ್ರಿ ತಾಯಿ?” ಶಿರೋಳದವರು ನೆಟ್ಟಗೆ ಕೇಳಿದರು. ಗೋಡೆಯಾಚೆ ನೆಗೆಣ್ಣಿಯದೇ ಕುಕ್ಕರು ಸೀಟಿ ಹೊಡೆಯಿತು, ಅವರು ಅಲುಗಲಿಲ್ಲ. ನಾನೂ ಅವರನ್ನು ಬಿಡಿಸಲು ಹೋಗಲಿಲ್ಲ. ಆ ಮೌನ ಇನ್ನಷ್ಟು ಹೊತ್ತು ಇರಲಿ ಎನ್ನಿಸಿತು. ಕೊನೆಗೆ ಫೋನಿನಲ್ಲಿ ಒಂದು ನಗು ಕೇಳಿತು.

“ಇರಲಿ ಬಿಡ್ರಿ. ನಮ್ಮನಿಯಾಗೂ ಇಂಥಾವರು ಒಬ್ಬರದಾರ. ಹಿಂಗ ನೆಟ್ಟಗ ಮಾತಾಡೂ ತಾಯೀಯ ಮಗಳಾದ್ರ ನಮ್ಮಲ್ಲಿ ಬಂದು ಬಾಳೇ ಮಾಡತಾಳ. ಸೋಮವಾರ ಬರತೀವ್ರಿ.”

ಫೋನು ಆರಿದ ಮೇಲೆ ನೆಗೆಣ್ಣಿ ಅದಕ್ಕೆ ಹತ್ತಿದ ಹಿಟ್ಟನ್ನು ಸೆರಗಿನಿಂದ ಒರೆಸಿದರು. “ಮನೀ ಮಾತನ್ನ ಮಂದೀ ಮುಂದ ಹಾಕಿದಿಯಲ್ಲ ತಂಗಿ. ನನ್ನ ಒಬ್ಬಾಕಿನ್ನ ಕರದು ಕೇಳಿದ್ರ ಆಗತಿದ್ದಿಲ್ಲೇನು?”

“ಆಗತಿತ್ತು ಅಕ್ಕಾ. ನನಗ ಬ್ಯಾಡಾಗಿತ್ತು.”

ಕ್ಷಮಿಸು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ಕ್ಷಮೆಯ ಪಾಠ ನನಗೆ ಬಾಯಿಪಾಠ ಬರುತ್ತದೆ. ಕೇಳದಿದ್ದದ್ದಕ್ಕೆ ಅವರಿಗೆ ಉಪಕಾರವನ್ನೇ ನೆನೆಯಬೇಕು. ಅವರು ಹಿತ್ತಲು ದಾಟಿ ಹೋಗುವಾಗ ಚಪ್ಪಲಿ ಮರೆತು ಬರಿಗಾಲಲ್ಲೇ ಹೋದರು. ನಾನು ಕರೆದು ಹೇಳಲಿಲ್ಲ.

ಸೋಮವಾರ ಶಿರೋಳದವರು ಬಂದರು, ಮಗಳ ನಿಶ್ಚಯವೂ ಆಯಿತು. ಅಂದು ನೆಗೆಣ್ಣಿ ರೇಷ್ಮೆ ಸೀರೆ ಉಟ್ಟು ಬಂದು ಬಾಯಿ ಬಿಡದೆ ಬಡಿಸಿದರು. ಜನ ಅದನ್ನು ಗಾಂಭೀರ್ಯ ಎಂದುಕೊಂಡರು.

ಅದಾಗಿ ಸ್ವಲ್ಪ ದಿನಕ್ಕೆ, ಬಟ್ಟೆ ಒಣಹಾಕುವಾಗ ಗೋಡೆಯ ಮೇಲಿಂದ ಕೇಳಿದರು: “ಐತವಾರ ಆಟ ಐತೇನು?”

“ಐತ್ರಿ.”

“ನನ್ನ ಪಾತ್ರ ಸತ್ತಹೋತಲ್ಲ.”

“ಹೊಸಾದು ಮಾಡಿಟ್ಟೀನ್ರಿ ಅಕ್ಕಾ. ರಾಣಿಯ ಕಾವಲುಗಾರ್ತಿ. ಕೈಯಾಗ ಈಟಿ ಐತಿ. ಮೌನವ್ರತ ಹಿಡದಾಳ.”

ಅವರು ಒದ್ದೆ ಟವೆಲ್ ಹಿಡಿದು ನಿಂತರು. “ಎಲ್ಲೀಮಟಾ ವ್ರತ?”

“ರಾಣಿ ಬಿಡಿಸೂಮಟಾ.”

ಬರುವುದಿಲ್ಲವೆಂದುಕೊಂಡಿದ್ದೆ. ಬಂದರು. ಆಟ ಬಿಟ್ಟು ಅವರಿಗೂ ಇರಲಾಗುವುದಿಲ್ಲ. ನಾದಿನಿ, ಟೀಚರ್, ಮಗಳ ನಡುವೆ ಕುಳಿತರು. ಆ ಸಲದ ಕಥೆಯಲ್ಲಿ ಒಬ್ಬ ಪೆದ್ದ ಮಂತ್ರಿಯನ್ನು ತಂದು ಸಭೆಯ ನಡುವೆ ನಿಲ್ಲಿಸಿದ್ದೆ. ಅವನು ಆಡಿದ ಒಂದೊಂದು ಮಾತಿಗೂ ನೆಗೆಣ್ಣಿಯ ಬಳಿ ಒಂದೊಂದು ಉತ್ತರ ಸಿದ್ಧವಾಗುವುದು ನನಗೆ ಕಾಣುತ್ತಿತ್ತು. ಗಂಟಲು ಏರುವುದು, ತುಟಿ ಬಿಚ್ಚುವುದು, ಮತ್ತೆ ಮುಚ್ಚುವುದು.

“ಕಾವಲುಗಾರ್ತಿ ಏನ್ ಮಾಡತಾಳ?” ಎಂದು ಕೇಳಿದೆ.

ಅವರು ಇಲ್ಲದ ಈಟಿಯನ್ನು ನೆಲಕ್ಕೆ ಕುಟ್ಟಿ ತೋರಿಸಿದರು.

“ವೈನಿ, ಹೊಡದಾಟ ಯಾವಾಗ?” ಎಂದಳು ನಾದಿನಿ, ಆಕಳಿಸುತ್ತ.

“ತಡೀ” ಎಂದೆ. ಸಭೆಯನ್ನು ಇನ್ನಷ್ಟು ಉದ್ದ ಮಾಡಿದೆ.